ಹಳೆಯ ಮೋಟಾರು ಸೈಕಲ್ಲಿನಿಂದ ಕೆಫೆ ರೇಸರ್

ಲಂಡನ್ ನಗರದ ವಾಯವ್ಯ ಭಾಗದಲ್ಲಿ ಹಾದುಹೋಗುವ ನಾರ್ತ್ ಸರ್ಕ್ಯುಲರ್ ರಸ್ತೆಯ ಬದಿಯಲ್ಲಿ ೧೯೩೮ರಲ್ಲಿ ‘ಏಸ್ ಕೆಫೆ’ ಎಂಬ ಉಪಾಹಾರ ಗೃಹವೊಂದು ಆರಂಭವಾಯಿತು. ಹಗಲಿರುಳೂ ಸಂಚರಿಸುವ ಲಾರಿ ಚಾಲಕರಿಗೆ ಬಿಸಿ ಚಹವನ್ನೂ ಊಟವನ್ನೂ ಒದಗಿಸುವುದು ಅದರ ಉದ್ದೇಶವಾಗಿದ್ದಿತು. ಎರಡನೆಯ ಮಹಾಯುದ್ಧದ ವಿಮಾನ ದಾಳಿಯಲ್ಲಿ ನಾಶವಾಗಿ ೧೯೪೯ರಲ್ಲಿ ಪುನಃ ಕಟ್ಟಲ್ಪಟ್ಟ ಈ ಕೆಫೆಯು ಕೆಲವೇ ವರ್ಷಗಳಲ್ಲಿ ಮೋಟಾರು ಸೈಕಲ್ಲಿನ ತರುಣರು ಕೂಡುವ ತಾಣವಾಯಿತು. ೧೯೫೦ರಲ್ಲಿ ಬ್ರಿಟನ್ನಿನಲ್ಲಿ ಪೆಟ್ರೋಲಿನ ಪಡಿತರ ಕೊನೆಗೊಂಡಿತು. ದುಡಿಯುವ ತರುಣನ ಕೈಯಲ್ಲಿ ಹಳೆಯ ಯಂತ್ರವೊಂದನ್ನು ಕೊಳ್ಳುವಷ್ಟು ಹಣವೂ ಓಡಾಡತೊಡಗಿತು. ಗಂಟೆಗೆ ನೂರು ಮೈಲಿ, ಎಂದರೆ ಸುಮಾರು ೧೬೧ ಕಿಲೋಮೀಟರು ವೇಗವನ್ನು ಮುಟ್ಟಬೇಕೆಂಬುದೇ ಈ ತರುಣರ ಹೆಬ್ಬಯಕೆ. ಪಂದ್ಯಕ್ಕೆಂದೇ ತಯಾರಾದ ಯಂತ್ರಗಳ ಬೆಲೆ ಅವರ ಶಕ್ತಿಗೆ ಮೀರಿದುದು. ಆದುದರಿಂದ ಅವರು ತಮ್ಮ ಸಾಮಾನ್ಯ ಯಂತ್ರವನ್ನೇ ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿ ಬಿಚ್ಚಿ, ಬೇಡವಾದುದನ್ನು ಕಳೆದು, ಹ್ಯಾಂಡಲನ್ನು ತಗ್ಗಿಸಿ, ಪಂದ್ಯದ ಯಂತ್ರದ ರೂಪಕ್ಕೆ ತಂದರು. ಹೀಗೆ ಹುಟ್ಟಿದುದೇ ‘ಕೆಫೆ ರೇಸರ್’. ಏಸ್ ಕೆಫೆಯು ೧೯೬೯ರಲ್ಲಿ ಮುಚ್ಚಿ ೨೦೦೧ರಲ್ಲಿ ಮತ್ತೆ ತೆರೆಯಿತು. ಆದರೆ ಅಲ್ಲಿ ಬೆಳೆದ ಹವ್ಯಾಸವು ಮಾತ್ರ ಎಂದೂ ಮುಚ್ಚಲಿಲ್ಲ. ಅದು ಲೋಕವನ್ನೆಲ್ಲ ಸುತ್ತಿ ನಮ್ಮ ಊರುಗಳಿಗೂ ಬಂದಿದೆ.

ಈ ಕೆಲಸವನ್ನು ಅನೇಕರು ಕೇವಲ ಅಲಂಕಾರವೆಂದು ಭಾವಿಸುತ್ತಾರೆ. ಆದರೆ ಮೋಟಾರು ಸೈಕಲ್ಲೆಂಬುದು ಒಂದು ಸಮತೋಲ. ಅದರ ಒಂದು ಅಂಗವನ್ನು ಬದಲಿಸಿದೊಡನೆ ಉಳಿದ ಅಂಗಗಳೆಲ್ಲವೂ ನಮ್ಮಿಂದ ಲೆಕ್ಕ ಕೇಳುತ್ತವೆ. ಆ ಲೆಕ್ಕಗಳನ್ನು, ನಾವು ಶಾಲೆಯಲ್ಲಿ ಕಲಿತ ಭೌತಶಾಸ್ತ್ರದ ನೆರವಿನಿಂದಲೇ, ಒಂದೊಂದಾಗಿ ವಿಚಾರಿಸೋಣ.

ಟ್ರೈಟನ್ ಕಲಿಸುವ ಪಾಠ

ಆ ಕಾಲದ ಕೆಫೆ ರೇಸರುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ‘ಟ್ರೈಟನ್’. ಈ ಹೆಸರಿನ ಯಂತ್ರವನ್ನು ಯಾವ ದೊಡ್ಡ ಕಾರ್ಖಾನೆಯೂ ಮೊದಲು ತಯಾರಿಸಿದುದಲ್ಲ. ಟ್ರಯಂಫ್ ಕಂಪೆನಿಯ ಎಂಜಿನನ್ನು ನಾರ್ಟನ್ ಕಂಪೆನಿಯ ಚೌಕಟ್ಟಿನಲ್ಲಿ ಕೂರಿಸಿದಾಗ ಎರಡು ಹೆಸರುಗಳೂ ಬೆರೆತು ಟ್ರೈಟನ್ ಆಯಿತು. ಬೆಲ್‌ಫಾಸ್ಟಿನ ಮೆಕ್‌ಕ್ಯಾಂಡ್‌ಲೆಸ್ ಸಹೋದರರು ರೂಪಿಸಿದ ‘ಫೆದರ್‌ಬೆಡ್’ ಚೌಕಟ್ಟನ್ನು ನಾರ್ಟನ್ ತಂಡವು ೧೯೫೦ರಲ್ಲಿ ಪಂದ್ಯಗಳಿಗೆ ತಂದಿತು. ಆ ವರ್ಷವೇ ಜೆಫ್ ಡ್ಯೂಕ್ ಅದರ ಮೇಲೆ ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್ ಟಿ.ಟಿ. ಪಂದ್ಯವನ್ನು ಗೆದ್ದರು. ತಿರುವಿನಲ್ಲಿ ಬಳುಕದೆ ನಿಲ್ಲುವುದು ಈ ಚೌಕಟ್ಟಿನ ಗುಣ. ಟ್ರಯಂಫಿನ ಜೋಡಿ ಸಿಲಿಂಡರಿನ ಎಂಜಿನಾದರೋ, ೧೯೩೭ರಲ್ಲಿ ಎಡ್ವರ್ಡ್ ಟರ್ನರ್ ರೂಪಿಸಿದ ‘ಸ್ಪೀಡ್ ಟ್ವಿನ್’ ಯಂತ್ರದಿಂದ ಬೆಳೆದು ಬಂದುದು; ಹಗುರವಾದುದು, ಚುರುಕಾದುದು.

ಚೌಕಟ್ಟುಗಳು ಬಿಡಿಯಾಗಿ ಸಿಕ್ಕುತ್ತಿದ್ದುದೇಕೆಂಬುದೂ ಸ್ವಾರಸ್ಯವಾದ ಸಂಗತಿ. ಆಗ ೫೦೦ ಘನ ಸೆಂಟಿಮೀಟರಿನ ಪುಟ್ಟ ಪಂದ್ಯದ ಕಾರುಗಳಿಗೆ ನಾರ್ಟನ್ ಎಂಜಿನ್ ಬಹಳ ಬೇಕಾಗಿತ್ತು. ಕಂಪೆನಿಯು ಎಂಜಿನನ್ನಷ್ಟೇ ಮಾರುತ್ತಿರಲಿಲ್ಲವಾಗಿ, ಕಾರಿನವರು ಇಡೀ ಮೋಟಾರು ಸೈಕಲನ್ನು ಕೊಂಡು, ಎಂಜಿನನ್ನು ತೆಗೆದುಕೊಂಡು, ಉಳಿದುದನ್ನು ಮಾರಿಬಿಡುತ್ತಿದ್ದರು. ಒಬ್ಬರಿಗೆ ಬೇಡವಾದುದು ಮತ್ತೊಬ್ಬರ ಬಂಡವಾಳವಾಯಿತು. ೧೯೬೫ರಲ್ಲಿ ಬಾರ್ಸಿಲೋನಾದಲ್ಲಿ ನಡೆದ ೨೪ ಗಂಟೆಗಳ ಪಂದ್ಯವನ್ನು ಡೇವ್ ಡೆಗೆನ್ಸ್ ಮತ್ತು ರೆಕ್ಸ್ ಬುಚರ್ ಎಂಬವರು ಇಂತಹ ಒಂದು ಟ್ರೈಟನ್ ಮೇಲೆಯೇ ಗೆದ್ದರು.

ಟ್ರೈಟನ್ ಕಟ್ಟಿದವರು ಬರಿಯ ಶಕ್ತಿಯನ್ನು ಅರಸಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಶಕ್ತಿಯುಳ್ಳ ಎಂಜಿನಿಗೆ ಅದನ್ನು ತಾಳಬಲ್ಲ ಚೌಕಟ್ಟನ್ನೂ ಅವರು ಹುಡುಕಿದರು. ನಮ್ಮ ಪಾಠವೆಲ್ಲ ಈ ಒಂದು ಮಾತಿನ ವಿಸ್ತಾರವೇ ಆಗಿದೆ.

ನಮ್ಮ ನಾಡಿನ ಹಳೆಯ ಯಂತ್ರ

ಕರ್ನಾಟಕದ ಮನೆಗಳಲ್ಲಿ ಹಳೆಯ ಮೋಟಾರು ಸೈಕಲ್ಲೆಂದರೆ ಬಹುಮಟ್ಟಿಗೆ ಮೈಸೂರಿನ ಯಂತ್ರವೇ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಿಂದ ೧೯೯೬ರವರೆಗೆ ಚೆಕೊಸ್ಲೊವಾಕಿಯದ ಮಾದರಿಯನ್ನು ಅನುಸರಿಸಿ ಮೊದಲು ಜಾವಾ, ಅನಂತರ ಯೆಜ್ಡಿ ಎಂಬ ಹೆಸರಿನಲ್ಲಿ ಯಂತ್ರಗಳನ್ನು ತಯಾರಿಸಿತು. ಜಾವಾ ೨೫೦ರ ಸಿಲಿಂಡರಿನ ವ್ಯಾಸ ೬೫ ಮಿಲಿಮೀಟರು. ಪಿಸ್ಟನ್ ಚಲಿಸುವ ದೂರ ೭೫ ಮಿಲಿಮೀಟರು. ಉರುಳೆಯ ಘನಫಲದ ಸೂತ್ರದಿಂದ ಲೆಕ್ಕ ಹಾಕಿದರೆ ಸುಮಾರು ೨೪೯ ಘನ ಸೆಂಟಿಮೀಟರು ದೊರೆಯುತ್ತದೆ. ‘೨೫೦’ ಎಂಬ ಹೆಸರಿನ ಮೂಲ ಇದೇ. ಇದು ಎರಡು ಹೊಡೆತದ, ಎಂದರೆ ಟೂ ಸ್ಟ್ರೋಕ್ ಎಂಜಿನು. ಆರಂಭದ ಮಾದರಿಯ ಸಾಮರ್ಥ್ಯ ಸುಮಾರು ೧೨ ಅಶ್ವಶಕ್ತಿ.

ಇಲ್ಲಿ ಒಂದು ವಿವೇಕದ ಮಾತನ್ನು ಹೇಳಬೇಕು. ಎಲ್ಲ ಬಿಡಿಭಾಗಗಳೂ ಮೂಲರೂಪದಲ್ಲಿ ಉಳಿದಿರುವ ಯಂತ್ರವನ್ನು ಕತ್ತರಿಸತಕ್ಕದ್ದಲ್ಲ. ಅಂತಹವು ಇಂದು ವಿರಳ. ಅವನ್ನು ಇದ್ದಂತೆಯೇ ದುರಸ್ತಿ ಮಾಡಿ ಉಳಿಸುವುದೇ ಸರಿ. ಸೀಟು, ಟ್ಯಾಂಕು, ಮಡ್‌ಗಾರ್ಡುಗಳು ಆಗಲೇ ಕಳೆದುಹೋಗಿ, ಎಂಜಿನು ಮತ್ತು ಚೌಕಟ್ಟು ಮಾತ್ರ ಗಟ್ಟಿಯಾಗಿ ಉಳಿದಿರುವ ಯಂತ್ರವೇ ಕೆಫೆ ರೇಸರಿಗೆ ತಕ್ಕುದು.

ಮೊದಲು ಆರೋಗ್ಯ, ಅನಂತರ ರೂಪ

ಯಂತ್ರವನ್ನು ಬಿಚ್ಚುವ ಮುನ್ನ ನಾಲ್ಕು ಕಡೆಯಿಂದಲೂ ಚಿತ್ರ ತೆಗೆಯಬೇಕು. ಬಿಚ್ಚಿದ ಪ್ರತಿಯೊಂದು ನಟ್ಟು ಬೋಲ್ಟನ್ನೂ ಹೆಸರು ಬರೆದ ಡಬ್ಬಿಯಲ್ಲಿ ಇಡಬೇಕು. ತಂತಿಗಳಿಗೆ ಚೀಟಿ ಕಟ್ಟಬೇಕು. ಆಮೇಲೆ ಅಳತೆಯ ಕೆಲಸ. ಸಿಲಿಂಡರಿನ ವ್ಯಾಸವನ್ನು ಮೇಲೆ, ನಡುವೆ, ಕೆಳಗೆ, ಹೀಗೆ ಮೂರು ಎಡೆಗಳಲ್ಲಿ, ಪ್ರತಿಯೊಂದೆಡೆಯೂ ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳಲ್ಲಿ ಅಳೆದರೆ, ಅದು ಎಷ್ಟು ಸವೆದಿದೆ, ಎಷ್ಟು ಅಂಡಾಕಾರವಾಗಿದೆ ಎಂಬುದು ತಿಳಿಯುತ್ತದೆ. ಸವೆತವು ಮಿತಿಮೀರಿದ್ದರೆ ಲೇತಿನ ಅಂಗಡಿಯಲ್ಲಿ ಬೋರ್ ಮಾಡಿಸಿ ಮುಂದಿನ ಅಳತೆಯ ಪಿಸ್ಟನ್ ಹಾಕಿಸಬೇಕಾಗುವುದು. ಟೂ ಸ್ಟ್ರೋಕ್ ಎಂಜಿನಿನಲ್ಲಿ ಕ್ರ್ಯಾಂಕಿನ ಎರಡೂ ಬದಿಯ ರಬ್ಬರ್ ಸೀಲುಗಳು ಸೋರಿದರೆ ಕ್ರ್ಯಾಂಕ್ ಕೋಣೆಯೊಳಗೆ ಬೇಡದ ಗಾಳಿ ನುಗ್ಗುತ್ತದೆ. ಅವನ್ನು ತಪ್ಪದೆ ಬದಲಿಸಬೇಕು. ಚಕ್ರದ ಬೇರಿಂಗು, ಹ್ಯಾಂಡಲಿನ ಕತ್ತಿನ ಗುಂಡುಗಳು, ಹಿಂಗಾಲಿಯ ತೋಳಿನ ಬುಷ್ಷು, ಚಕ್ರದ ಕಡ್ಡಿಗಳು, ಟೈರುಗಳು, ಇವೆಲ್ಲವನ್ನೂ ಪರೀಕ್ಷಿಸಬೇಕು.

ಹೀಗೆ ದುರಸ್ತಿಯಾದ ಯಂತ್ರವನ್ನು ಮೊದಲು ಅದರ ಹಳೆಯ ರೂಪದಲ್ಲಿಯೇ ಜೋಡಿಸಿ ಓಡಿಸಿ ನೋಡುವುದು ಲೇಸು. ಇದು ಕೇವಲ ಎಚ್ಚರಿಕೆಯಲ್ಲ. ವಿಜ್ಞಾನದ ಕ್ರಮವೇ ಇದು. ಹತ್ತು ಬದಲಾವಣೆಗಳನ್ನು ಒಟ್ಟಿಗೆ ಮಾಡಿದ ಮೇಲೆ ಯಂತ್ರವು ಮುಷ್ಕರ ಹೂಡಿದರೆ ದೋಷ ಎಲ್ಲಿದೆಯೆಂದು ಯಾರು ಬಲ್ಲರು? ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪರಿಣಾಮವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡವನಿಗೆ ಆ ತೊಡಕಿಲ್ಲ.

ಗಾಳಿಯ ಲೆಕ್ಕ

ಈಗ ಮೊದಲನೆಯ ಬದಲಾವಣೆ. ಕೆಫೆ ರೇಸರಿನಲ್ಲಿ ಹ್ಯಾಂಡಲ್ ತಗ್ಗಿರುತ್ತದೆ. ಕಾಲಿಡುವ ಫುಟ್‌ರೆಸ್ಟುಗಳು ಹಿಂದಕ್ಕೆ ಸರಿದಿರುತ್ತವೆ. ಸವಾರನು ಟ್ಯಾಂಕಿನ ಮೇಲೆ ಬಾಗಿ ಕೂರುತ್ತಾನೆ. ಇದರಿಂದ ಏನು ಲಾಭ?

ಚಲಿಸುವ ವಸ್ತುವಿಗೆ ಗಾಳಿಯೊಡ್ಡುವ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಆ ತಡೆಯನ್ನು ಮೀರಲು ಬೇಕಾಗುವ ಸಾಮರ್ಥ್ಯವಾದರೋ ವೇಗದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಾಳಿಗೆ ಎದುರಾಗುವ ವಿಸ್ತೀರ್ಣವನ್ನು ಆಕಾರದ ಗುಣಾಂಕದಿಂದ ಗುಣಿಸಿದಾಗ ದೊರೆಯುವ ಬೆಲೆಯು ನೆಟ್ಟಗೆ ಕುಳಿತ ಸವಾರನಿಗೆ ೦.೬ ಚದರ ಮೀಟರು, ಬಾಗಿ ಕುಳಿತವನಿಗೆ ೦.೪ ಚದರ ಮೀಟರು ಎಂದು ಇಟ್ಟುಕೊಳ್ಳೋಣ. ಗಂಟೆಗೆ ೧೦೦ ಕಿಲೋಮೀಟರು ವೇಗದಲ್ಲಿ ಮೊದಲನೆಯವನಿಗೆ ಗಾಳಿಯ ತಡೆ ಸುಮಾರು ೨೭೮ ನ್ಯೂಟನ್. ಅದನ್ನು ಮೀರಲು ೧೦ ಅಶ್ವಶಕ್ತಿಗೂ ಹೆಚ್ಚು ಬೇಕು. ಎರಡನೆಯವನಿಗೆ ತಡೆ ಸುಮಾರು ೧೮೫ ನ್ಯೂಟನ್. ಅವನಿಗೆ ೭ ಅಶ್ವಶಕ್ತಿ ಸಾಕು. ಎಂಜಿನನ್ನು ಮುಟ್ಟದೆಯೇ ೩ ಅಶ್ವಶಕ್ತಿಗೂ ಮಿಗಿಲಾದ ಉಳಿತಾಯವಾಯಿತು! ೧೨ ಅಶ್ವಶಕ್ತಿಯ ಯಂತ್ರಕ್ಕೆ ಇದು ಸಣ್ಣ ಮೊತ್ತವಲ್ಲ.

ಗಾಳಿಯ ತಡೆಯೊಂದನ್ನೇ ಗಣಿಸಿದರೆ, ಅದೇ ಎಂಜಿನಿನಿಂದ ದೊರೆಯುವ ಗರಿಷ್ಠ ವೇಗವು ಒಂದೂವರೆಯ ಘನಮೂಲದಷ್ಟು, ಎಂದರೆ ನೂರಕ್ಕೆ ಸುಮಾರು ೧೪ರಷ್ಟು ಹೆಚ್ಚುತ್ತದೆ. ಈ ಹದಿನಾಲ್ಕನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದು ಕೆಲಸಕ್ಕೆ ಬರುವುದು.

ತೂಕದ ಲೆಕ್ಕ

ಭಾರವಾದ ಮಡ್‌ಗಾರ್ಡುಗಳನ್ನು ಹಗುರ ಮಾಡಿ, ಉದ್ದ ಸೀಟಿನ ಬದಲು ಒಬ್ಬರ ಸೀಟನ್ನು ಹಾಕಿ, ಪೆಟ್ಟಿಗೆ, ಕಂಬಿ ಮೊದಲಾದುವನ್ನು ಕಳೆದರೆ ಹದಿನೈದು ಕಿಲೋಗ್ರಾಮು ಉಳಿಯಿತೆಂದು ಭಾವಿಸೋಣ. ಸವಾರನೂ ಸೇರಿ ಮೊದಲು ೨೦೦ ಕಿಲೋಗ್ರಾಮು ಇದ್ದುದು ೧೮೫ ಆಯಿತು. ನ್ಯೂಟನ್ನನ ಎರಡನೆಯ ನಿಯಮದಂತೆ, ಅದೇ ಬಲಕ್ಕೆ ವೇಗೋತ್ಕರ್ಷವು ನೂರಕ್ಕೆ ೮ರಷ್ಟು ಹೆಚ್ಚುವುದು. ನಿಂತಲ್ಲಿಂದ ಹೊರಡುವಾಗಲೂ ಏರನ್ನು ಹತ್ತುವಾಗಲೂ ಈ ಲಾಭವು ತಿಳಿಯುತ್ತದೆ. ಆದರೆ ಸಮತಟ್ಟಾದ ದಾರಿಯ ಗರಿಷ್ಠ ವೇಗಕ್ಕೆ ತೂಕದ ಇಳಿತದಿಂದ ಹೆಚ್ಚು ಪ್ರಯೋಜನವಿಲ್ಲ. ಅಲ್ಲಿ ಗಾಳಿಯೇ ದೊರೆ.

ತೂಕ ಇಳಿಸುವ ಆತುರದಲ್ಲಿ ಚೌಕಟ್ಟಿನ ಹಿಂಬದಿಯನ್ನು ಮನಬಂದಂತೆ ಕತ್ತರಿಸುವವರುಂಟು. ಹಿಂಬದಿಯ ಶಾಕ್ ಅಬ್ಸಾರ್ಬರುಗಳು ಮೇಲ್ತುದಿಯಲ್ಲಿ ಹಿಡಿದಿರುವ ಜಾಗವೂ ಅದಕ್ಕೆ ಆಧಾರವಾದ ಕೊಳವೆಗಳೂ ಒಂದು ತ್ರಿಕೋನವನ್ನು ರಚಿಸುತ್ತವೆ. ತ್ರಿಕೋನವು ಬಾಗದ ಆಕೃತಿ. ಅದರ ಒಂದು ಭುಜವನ್ನು ತೆಗೆದರೆ ಉಳಿದುದು ಬಳುಕುವ ಕೀಲು ಮಾತ್ರ. ಆ ಜಾಗಕ್ಕೆ ಗರಗಸ ತಾಗಿಸಲೇಬಾರದು. ಅದರಿಂದಾಚೆಗೆ ಹೊಸ ಬಳೆಯನ್ನು ಬೆಸೆಯುವಾಗಲೂ ಕೊಳವೆಯೊಳಗೆ ಮತ್ತೊಂದು ತುಂಡು ಕೊಳವೆಯನ್ನು ತೂರಿಸಿ, ನುರಿತ ಬೆಸುಗೆಗಾರರಿಂದ ಬೆಸೆಸಬೇಕು. ಪೆಟ್ರೋಲ್ ಟ್ಯಾಂಕಿನ ಬೆಸುಗೆಯನ್ನು ಮನೆಯಲ್ಲಿ ಎಂದೂ ಮಾಡಬಾರದು. ಖಾಲಿಯಾದ ಟ್ಯಾಂಕಿನಲ್ಲಿ ಉಳಿದ ಆವಿಯು ಗಾಳಿಯೊಡನೆ ಬೆರೆತು, ತುಂಬಿದ ಟ್ಯಾಂಕಿಗಿಂತಲೂ ಭೀಕರವಾಗಿ ಸಿಡಿಯಬಲ್ಲುದು.

ನಿಲ್ಲಿಸುವ ಲೆಕ್ಕ

ಇದುವರೆಗೆ ಬಂದುದೆಲ್ಲವೂ ಲಾಭದ ಬಾಬತ್ತು. ಇನ್ನು ಖರ್ಚಿನ ಬಾಬತ್ತಿಗೆ ಬರೋಣ. ಓಡುವ ಯಂತ್ರದ ಚಲನಶಕ್ತಿಯು ದ್ರವ್ಯರಾಶಿಗೂ ವೇಗದ ವರ್ಗಕ್ಕೂ ಅನುಗುಣವಾದುದು. ಬ್ರೇಕು ಹಿಡಿದಾಗ ಈ ಶಕ್ತಿಯೆಲ್ಲವೂ ಘರ್ಷಣೆಯಿಂದ ಶಾಖವಾಗಿ ಮಾರ್ಪಟ್ಟು ಬ್ರೇಕಿನ ಡ್ರಮ್ಮಿನಲ್ಲಿ ಸೇರಬೇಕು. ನಮ್ಮ ಯಂತ್ರದ ದ್ರವ್ಯರಾಶಿ ನೂರಕ್ಕೆ ಏಳೂವರೆಯಷ್ಟು ಇಳಿಯಿತು; ಗರಿಷ್ಠ ವೇಗ ೧೪ರಷ್ಟು ಏರಿತು. ಒಂದು ದಶಾಂಶ ಒಂದು ನಾಲ್ಕನ್ನು ವರ್ಗ ಮಾಡಿ ೦.೯೨೫ರಿಂದ ಗುಣಿಸಿದರೆ ಉತ್ತರವು ಸುಮಾರು ೧.೨ ಆಗುತ್ತದೆ. ಎಂದರೆ, ಹಗುರವಾದ ಯಂತ್ರವೇ ಆದರೂ ಗರಿಷ್ಠ ವೇಗದಿಂದ ನಿಲ್ಲಿಸುವಾಗ ಬ್ರೇಕಿನ ಹೊರೆಯು ಮೊದಲಿಗಿಂತ ನೂರಕ್ಕೆ ೨೦ರಷ್ಟು ಹೆಚ್ಚು! ಬ್ರೇಕು ಮಾತ್ರ ಹಳೆಯದೇ. ಡ್ರಮ್ಮು ಕಾದು ಹಿಗ್ಗಿ, ಲೈನಿಂಗಿನ ಹಿಡಿತ ಕುಂದಿ, ಲಿವರು ಎಷ್ಟು ಹಿಂಡಿದರೂ ಯಂತ್ರವು ನಿಲ್ಲದಿರುವುದಕ್ಕೆ ಕಾರಣವಿದು.

ದೂರವನ್ನೂ ನೋಡೋಣ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಘರ್ಷಣೆಯ ಗುಣಾಂಕವು ೦.೭ ಎಂದಿಟ್ಟುಕೊಂಡರೆ, ಗಂಟೆಗೆ ೬೦ ಕಿಲೋಮೀಟರು ವೇಗದಿಂದ ನಿಲ್ಲಲು ಸುಮಾರು ೨೦ ಮೀಟರು ಬೇಕು. ೧೦೦ ಕಿಲೋಮೀಟರಿನಿಂದ ನಿಲ್ಲಲು ೫೬ ಮೀಟರು. ಅಪಾಯವನ್ನು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆಯಿತೆಂದರೆ ಮೊದಲನೆಯದಕ್ಕೆ ಇನ್ನೂ ೧೭ ಮೀಟರು, ಎರಡನೆಯದಕ್ಕೆ ೨೮ ಮೀಟರು ಸೇರುತ್ತದೆ. ಒಟ್ಟು ೩೭ ಮೀಟರು ಮತ್ತು ೮೪ ಮೀಟರು. ಇವು ಬ್ರೇಕು ಅತ್ಯುತ್ತಮ ಸ್ಥಿತಿಯಲ್ಲಿದ್ದಾಗಿನ ಅಂಕಿಗಳು. ದನಕರುಗಳೂ ಮಕ್ಕಳೂ ದಾಟುವ ನಮ್ಮ ಊರಿನ ರಸ್ತೆಯಲ್ಲಿ ೮೪ ಮೀಟರು ಬರಿದಾಗಿರುವುದು ಎಷ್ಟು ಹೊತ್ತು ಎಂಬುದನ್ನು ಓದುಗರೇ ಊಹಿಸಬಹುದು.

ಆದುದರಿಂದ ಎಂಜಿನಿಗೆ ಖರ್ಚು ಮಾಡುವ ಮೊದಲ ರೂಪಾಯಿಗಿಂತ ಮುಂಚೆ ಬ್ರೇಕಿಗೆ ಖರ್ಚಾಗಬೇಕು. ಡ್ರಮ್ಮು ಅಂಡಾಕಾರವಾಗಿದ್ದರೆ ಲೇತಿನಲ್ಲಿ ದುಂಡಗೆ ಮಾಡಿಸಬೇಕು. ಹೊಸ ಲೈನಿಂಗು, ಹೊಸ ಕೇಬಲು ಹಾಕಬೇಕು. ಬ್ರೇಕನ್ನು ಬಲವಾಗಿ ಹಿಡಿದಾಗ ಡ್ರಮ್ಮಿನ ಮೇಲಿನ ಸನ್ನೆಯು ಕೇಬಲಿಗೆ ಲಂಬವಾಗಿರುವಂತೆ ಹೊಂದಿಸಿದರೆ, ಸನ್ನೆಯ ನಿಯಮದಂತೆ ಕೈಯ ಬಲವು ಪೂರ್ಣವಾಗಿ ಸಲ್ಲುತ್ತದೆ. ಹಳೆಯ ಲೈನಿಂಗಿನಲ್ಲಿ ಆಸ್‌ಬೆಸ್ಟಾಸ್ ಇರಬಹುದಾದುದರಿಂದ ಅದರ ಧೂಳನ್ನು ಊದದೆ, ಒದ್ದೆ ಬಟ್ಟೆಯಿಂದ ಒರಸಿ ತೆಗೆಯತಕ್ಕದ್ದು.

ಮುಂಗಾಲಿಯ ಓರೆ

ಮೋಟಾರು ಸೈಕಲ್ಲಿನ ಮುಂದಿನ ಫೋರ್ಕು ನೆಟ್ಟಗಿರದೆ ಓರೆಯಾಗಿರುತ್ತದೆ. ಹ್ಯಾಂಡಲಿನ ಅಕ್ಷರೇಖೆಯನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲವನ್ನು ಮುಟ್ಟುವ ಬಿಂದುವಿಗಿಂತ ಸ್ವಲ್ಪ ಮುಂದೆ ಬೀಳುತ್ತದೆ. ಈ ಎರಡು ಬಿಂದುಗಳ ಅಂತರವನ್ನು ಯಂತ್ರಜ್ಞರು ‘ಟ್ರೇಲ್’ ಎನ್ನುವರು. ತಳ್ಳುವ ಗಾಡಿಯ ಪುಟ್ಟ ತಿರುಗುಗಾಲಿಗಳು ಗಾಡಿ ಹೋದತ್ತಲೇ ತಾವಾಗಿ ತಿರುಗಿ ಹಿಂಬಾಲಿಸುವುದನ್ನು ನಾವೆಲ್ಲರೂ ನೋಡಿದ್ದೇವೆ. ಅದೇ ತತ್ತ್ವದಿಂದ ಟ್ರೇಲ್ ಮುಂಗಾಲಿಯನ್ನು ನೇರವಾಗಿ ನಿಲ್ಲಿಸುತ್ತದೆ.

ಯಂತ್ರದ ಮೂತಿ ತಗ್ಗಿದಂತೆ ಕಾಣಲೆಂದು ಫೋರ್ಕಿನ ಕೊಳವೆಗಳನ್ನು ಹಿಡಿಕೆಯಲ್ಲಿ ಮೇಲಕ್ಕೆ ಸರಿಸುವವರಿದ್ದಾರೆ. ಎರಡು ಚಕ್ರಗಳ ಅಂತರವು ೧೩೫೦ ಮಿಲಿಮೀಟರು ಇದ್ದರೆ, ಮುಂಭಾಗವನ್ನು ೪೭ ಮಿಲಿಮೀಟರು ತಗ್ಗಿಸಿದಾಗ ಇಡೀ ಯಂತ್ರ ೨ ಡಿಗ್ರಿ ಮುಂದಕ್ಕೆ ಬಾಗುತ್ತದೆ. ಚಕ್ರದ ತ್ರಿಜ್ಯ ೩೦೦ ಮಿಲಿಮೀಟರು, ಫೋರ್ಕಿನ ಓರೆ ೨೭ ಡಿಗ್ರಿ, ಅಕ್ಷರೇಖೆಯಿಂದ ಚಕ್ರಕೇಂದ್ರ ೫೦ ಮಿಲಿಮೀಟರು ಮುಂದೆ ಎಂದು ಭಾವಿಸಿದರೆ ಟ್ರೇಲ್ ಸುಮಾರು ೯೭ ಮಿಲಿಮೀಟರು. ಓರೆಯು ೨೫ ಡಿಗ್ರಿಗೆ ಇಳಿದರೆ ೮೫ ಮಿಲಿಮೀಟರು ಮಾತ್ರ. ತಿರುವಿನಲ್ಲಿ ಯಂತ್ರವು ಚುರುಕಾಗುವುದೇನೋ ನಿಜ. ಆದರೆ ವೇಗ ಹೆಚ್ಚಿದಾಗ, ರಸ್ತೆಯ ಉಬ್ಬುತಗ್ಗು ತಾಗಿದಾಗ, ಹ್ಯಾಂಡಲ್ ನಡುಗುವ ಸಂಭವವೂ ಹೆಚ್ಚುತ್ತದೆ. ಐದು ಮಿಲಿಮೀಟರಿನಂತೆ ಸರಿಸಿ, ಓಡಿಸಿ ನೋಡಿ, ಮುಂದುವರಿಯುವುದು ಕ್ಷೇಮ. ತಗ್ಗಿದ ಹ್ಯಾಂಡಲನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ, ಅದು ಟ್ಯಾಂಕಿಗೆ ತಾಗುವುದಿಲ್ಲವೆಂದೂ ಬೆರಳು ಸಿಕ್ಕುವುದಿಲ್ಲವೆಂದೂ ಕೇಬಲುಗಳು ಬಿಗಿಯುವುದಿಲ್ಲವೆಂದೂ ನೋಡಿಕೊಳ್ಳಬೇಕು. ಹ್ಯಾಂಡಲನ್ನು ತಗ್ಗಿಸಿ ಫುಟ್‌ರೆಸ್ಟುಗಳನ್ನು ಹಿಂದಿನ ಜಾಗದಲ್ಲಿಯೇ ಬಿಟ್ಟರೆ ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಇವೆರಡೂ ಜೊತೆಯಾಗಿ ಆಗಬೇಕಾದ ಬದಲಾವಣೆಗಳು.

ಎಂಜಿನಿನ ಉಸಿರು

ಗಾಳಿ ಶೋಧಿಸುವ ಪೆಟ್ಟಿಗೆಯನ್ನು ಕಿತ್ತುಹಾಕಿ ಕಾರ್ಬುರೇಟರಿಗೆ ಪುಟ್ಟ ಶಂಕುವಿನಂತಹ ಶೋಧಕವನ್ನು ಸಿಕ್ಕಿಸುವುದು ಕೆಫೆ ರೇಸರಿನ ಇನ್ನೊಂದು ಸಂಪ್ರದಾಯ. ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಅದರ ೧೪.೭ರಷ್ಟು ಗಾಳಿ ಬೇಕು. ಗಾಳಿ ಸುಲಭವಾಗಿ ಹರಿದು ಪೆಟ್ರೋಲು ಮೊದಲಿನಷ್ಟೇ ಬಂದರೆ ಮಿಶ್ರಣವು ಬಡವಾಗುತ್ತದೆ. ಪಿಸ್ಟನ್ನಿನ ನೆತ್ತಿ ಅತಿಯಾಗಿ ಕಾಯುತ್ತದೆ. ಟೂ ಸ್ಟ್ರೋಕ್ ಎಂಜಿನಿಗೆ ಇದು ಇಮ್ಮಡಿ ಹಾನಿ. ಅದರ ಎಣ್ಣೆ ಬರುವುದೇ ಪೆಟ್ರೋಲಿನೊಡನೆ. ಇಪ್ಪತ್ತೈದಕ್ಕೆ ಒಂದು ಪ್ರಮಾಣವಾದರೆ ಲೀಟರಿಗೆ ೪೦ ಮಿಲಿಲೀಟರು. ಪೆಟ್ರೋಲು ಕಡಮೆಯಾದರೆ ಎಣ್ಣೆಯೂ ಕಡಮೆ. ಶಾಖ ಹೆಚ್ಚು, ಜಾರು ಕಡಮೆ. ಕೊನೆಗೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಹಿಂಗಾಲಿಯು ಓಡುತ್ತಿದ್ದಂತೆಯೇ ನಿಂತುಬಿಡುತ್ತದೆ. ಆದುದರಿಂದ ಶೋಧಕ ಬದಲಿಸಿದವರು ದೊಡ್ಡ ರಂಧ್ರದ ಜೆಟ್ಟಿನಿಂದ ಆರಂಭಿಸಿ ಕ್ರಮವಾಗಿ ಚಿಕ್ಕದಕ್ಕೆ ಇಳಿಯಬೇಕು. ಪ್ಲಗ್ಗಿನ ತುದಿ ಕಾಫಿಯ ಬಣ್ಣಕ್ಕಿದ್ದರೆ ಮಿಶ್ರಣ ಸರಿ, ಬೆಳ್ಳಗಿದ್ದರೆ ಬಡವು, ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚು.

ಸೈಲೆನ್ಸರಿನ ಒಳಗನ್ನು ಬಗೆದುಹಾಕಿದರೆ ಶಕ್ತಿ ಹೆಚ್ಚುವುದೆಂಬ ನಂಬಿಕೆಯೂ ಟೂ ಸ್ಟ್ರೋಕಿನಲ್ಲಿ ನಿಜವಲ್ಲ. ಹೊರಹೋಗುವ ಹೊಗೆಯ ಒತ್ತಡದ ಅಲೆಯು ಕೊಳವೆಯ ತುದಿಯಲ್ಲಿ ಪ್ರತಿಫಲಿಸಿ ಹಿಂದಿರುಗಿ, ಹೊಸ ಮಿಶ್ರಣವು ಹೊರಕ್ಕೆ ಸೋರದಂತೆ ತಡೆಯುತ್ತದೆ. ಆ ಅಲೆಯನ್ನು ಕೆಡಿಸಿದರೆ ಉಳಿಯುವುದು ಸದ್ದು ಮಾತ್ರ.

ಕಾಯಿದೆಯ ಗೆರೆ

ನಮ್ಮ ದೇಶದಲ್ಲಿ ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣವು, ತಯಾರಕರು ಮೂಲತಃ ಕೊಟ್ಟು ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಯಮವನ್ನು ಎತ್ತಿಹಿಡಿದಿದೆ. ಆದುದರಿಂದ ಗರಗಸ ಹಿಡಿಯುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಅವಶ್ಯ. ಚೌಕಟ್ಟನ್ನು ಕತ್ತರಿಸದೆ, ಬೋಲ್ಟು ಬಿಚ್ಚಿ ಮತ್ತೆ ಮೊದಲಿನಂತಾಗಿಸಬಹುದಾದ ಬದಲಾವಣೆಗಳಿಗೆ ಮಾತ್ರ ಕೈಹಾಕುವವನು ಜಾಣ. ದೀಪ, ಕನ್ನಡಿ, ಹಾರನ್ನು, ಸಂಖ್ಯಾಫಲಕ, ಸೈಲೆನ್ಸರು, ಇವು ಅಲಂಕಾರಗಳಲ್ಲ. ರಸ್ತೆಯಲ್ಲಿರುವ ಇತರರಿಗೆ ನಾವು ಸಲ್ಲಿಸಬೇಕಾದ ಋಣ.

ಈ ಲೆಕ್ಕಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಕೆಲಸದ ಕ್ರಮವು ತಾನಾಗಿಯೇ ಏರ್ಪಡುತ್ತದೆ: ಮೊದಲು ಬ್ರೇಕು, ಟೈರು, ಬೇರಿಂಗು; ಅನಂತರ ಎಂಜಿನಿನ ದುರಸ್ತಿ; ಆಮೇಲೆ ಸವಾರನ ಭಂಗಿ; ತರುವಾಯ ತೂಕ; ಎಲ್ಲಕ್ಕೂ ಕೊನೆಯಲ್ಲಿ ಬಣ್ಣ. ಬಹುಮಂದಿ ಬಣ್ಣದಿಂದ ಆರಂಭಿಸಿ ಬ್ರೇಕಿನಲ್ಲಿ ಮುಗಿಸುವರು. ಕೆಲವರು ಬ್ರೇಕಿನವರೆಗೆ ಬರುವುದೇ ಇಲ್ಲ. ನಮ್ಮ ತರುಣ ಓದುಗರು ತಮ್ಮ ಮನೆಯ ಹಳೆಯ ಯಂತ್ರದ ತೂಕ, ಚಕ್ರಗಳ ಅಂತರ, ಫೋರ್ಕಿನ ಓರೆ, ಇವನ್ನು ಅಳೆದು, ಮೇಲಿನ ಲೆಕ್ಕಗಳನ್ನು ತಮ್ಮ ಅಂಕಿಗಳಿಂದ ಮಾಡಿ ನೋಡಲಿ. ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುನ್ನ ಮಾಡಬೇಕಾದ ಕೆಲಸವೇ ಅದು.